ಅಂಗಿ ಮೇಲೆ ರಕ್ತ ಇಲ್ಲ ಅಂದ್ರೆ

ಮೇ ತಿಂಗಳ ಒಂದು ರಾತ್ರಿ. ಕುಸುಗಲ್ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದ ಇಬ್ಬರು ಹುಡುಗರನ್ನು ಟಂಟಂನಲ್ಲಿ ಹಾಕಿಕೊಂಡು ಬಂದರು. ಹಿಂದೆ ಕೂತಿದ್ದವನ ತಲೆ ಒಡೆದಿತ್ತು. ಮುಖ, ಕೊರಳು, ಅಂಗಿ ಎಲ್ಲ ಕೆಂಪು. ಊರಿಗೆ ಊರೇ ಅವನ ಸುತ್ತ ನಿಂತಿತ್ತು. ಬೈಕ್ ಹೊಡೆಯುತ್ತಿದ್ದವನು ಹೊರಗೆ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಯಾರೋ ಅವನ ಕೈಗೊಂದು ಸೋಡಾ ಕೊಟ್ಟಿದ್ದರು.

"ಇವಂಗೇನೂ ಆಗಿಲ್ರೀ ಸರ್. ಒಂದ್ ಹನಿ ರಗತ ಬಂದಿಲ್ಲ. ಮೊದಲ ಅವನ್ನ ನೋಡ್ರಿ."

ಹುಬ್ಬಳ್ಳಿಯ ಕ್ಯಾಶುವಲ್ಟಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಅರ್ಧ ತಪ್ಪನ್ನು ನಾನು ಸಿನಿಮಾದ ಮೇಲೆ ಹಾಕುತ್ತೇನೆ. ಹಾಗಂತ ನಾನೇನೂ ಸಿನಿಮಾದ ವೈರಿ ಅಲ್ಲ. ಫೈಟ್ ಬಂದರೆ ಈಗಲೂ ಕುರ್ಚಿಯ ತುದಿಗೆ ಬರುವವನೇ. ಆದರೆ ಅದರ ಹತ್ತಿರ ಇರುವುದು ಎರಡೇ: ಕಣ್ಣಿಗೆ ಬಣ್ಣ, ಕಿವಿಗೆ ಸದ್ದು. ಅಷ್ಟರಲ್ಲೇ ನೋವನ್ನು ನಮ್ಮ ಮೈಗೆ ದಾಟಿಸಬೇಕು. 1960ರಲ್ಲಿ ಬಂದ ಹಿಚ್‌ಕಾಕ್‌ನ 'ಸೈಕೋ'ದಲ್ಲಿ ಬಚ್ಚಲಮನೆಯ ಕೊಲೆ ಇದೆಯಲ್ಲ, ಅಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್. ಚಿತ್ರ ಕಪ್ಪು-ಬಿಳುಪು, ಹಾಗಾಗಿ ನಡೆಯಿತು. ಚೂರಿ ಇಳಿಯುವ ಸದ್ದು ಬಂದದ್ದು ಕರಬೂಜ ಹಣ್ಣಿನಿಂದ. ಹಣ್ಣಿಗೆ ಚುಚ್ಚಿದ ಸದ್ದಿಗೆ ನಮ್ಮ ಹೊಟ್ಟೆ ಝಲ್ ಅನ್ನುತ್ತದೆ. ನಮ್ಮ ಸಿನಿಮಾಗಳ ಡಿಶುಂ ಕೂಡ ಹಾಗೇ. ನಿಜವಾದ ಗುದ್ದಿಗೆ ಅಷ್ಟು ಸದ್ದೇ ಇಲ್ಲ. ಮನೆಯಲ್ಲಿ ಜಗಳ ಆಡಿ ಬಾಗಿಲಿಗೆ ಗುದ್ದಿ ಬರುವ ಹುಡುಗರನ್ನು ಕೇಳಿ ನೋಡಿ. ಬಾಗಿಲಿಗೆ ಏನೂ ಆಗಿರುವುದಿಲ್ಲ, ಕಿರುಬೆರಳಿನ ಬುಡದ ಎಲುಬು ಮುರಿದಿರುತ್ತದೆ.

ಅದೆಲ್ಲ ಇರಲಿ. ಎರಡೂವರೆ ತಾಸು ಹೀಗೆ ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ಕೆಂಪು ಜಾಸ್ತಿ, ಕೂಗು ಜಾಸ್ತಿ ಅಂದ್ರೆ ಪೆಟ್ಟು ಜಾಸ್ತಿ. ಮೈ ಈ ಲೆಕ್ಕ ಕೇಳುವುದಿಲ್ಲ.

ತಲೆಯ ಚರ್ಮದಲ್ಲಿ ರಕ್ತನಾಳ ಜಾಸ್ತಿ. ಕೊಯ್ದರೆ ಅವು ಬೇಗ ಮುದುಡಿಕೊಳ್ಳುವುದಿಲ್ಲ, ಬಾಯಿ ತೆರೆದೇ ಇರುತ್ತವೆ. ಅದಕ್ಕೇ ಎರಡು ಇಂಚಿನ ಗಾಯಕ್ಕೂ ಅಂಗಿ ಪೂರ್ತಿ ತೋಯುತ್ತದೆ. ಸ್ವಚ್ಛ ಬಟ್ಟೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅರಿಶಿನ, ಕಾಫಿ ಪುಡಿ ತುಂಬಬೇಡಿ, ಅದನ್ನು ತೊಳೆಯುವುದೇ ನಮಗೊಂದು ಕೆಲಸ. (ತಲೆ ಪೆಟ್ಟನ್ನು ಹಗುರವಾಗಿ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಒಳಗೆ ಏನಾಗಿದೆ ಅನ್ನುವುದು ಬೇರೆಯೇ ಪುರಾಣ.)

ಹೊಟ್ಟೆ ಹಾಗಲ್ಲ. ಎಡಗಡೆ ಪಕ್ಕೆಲುಬುಗಳ ಮರೆಯಲ್ಲಿ ಮುಷ್ಟಿ ಗಾತ್ರದ ಸ್ಪ್ಲೀನ್ ಇದೆ, ಪುಸ್ತಕದಲ್ಲಿ ಗುಲ್ಮ ಅಂತಾರೆ. ಬೈಕಿನ ಹ್ಯಾಂಡಲ್ ತುದಿ ಅಲ್ಲಿ ನಾಟಿದರೆ ಅದು ಸೀಳಬಹುದು. ಸದ್ದಿಲ್ಲ, ಚರ್ಮದ ಮೇಲೆ ಒಂದು ಗೀರೂ ಇಲ್ಲದೆ ಇರಬಹುದು. ದೊಡ್ಡವರ ಮೈಯಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ಅದರಲ್ಲಿ ಒಂದು ಲೀಟರ್ ಹೊಟ್ಟೆಯೊಳಗೆ ಸೋರಿದರೂ ಹೊರಗಿನಿಂದ ಗೊತ್ತಾಗದೇ ಇರಬಹುದು. ಗಟ್ಟಿ ಹುಡುಗರಲ್ಲಿ ಬಿಪಿ ಕೂಡ ತಡವಾಗಿಯೇ ಬೀಳುತ್ತದೆ. ಅಲ್ಲಿಯವರೆಗೆ ಮಾತಾಡುತ್ತಾರೆ, ನಗುತ್ತಾರೆ, ಫೋನ್ ನೋಡುತ್ತಾರೆ. ಹೀರೋ ಹಂಗೆ ಎದ್ದು ನಿಂತ ಅಂತ ಮನೆಗೆ ಕರೆದುಕೊಂಡು ಹೋಗುತ್ತಾರೆ.

ಇದನ್ನು ಹಿಡಿಯುವುದು ಕೈ. ಪರದೆಯ ಹತ್ತಿರ ಇಲ್ಲದ್ದು ಅದೇ, ಮುಟ್ಟೋದು. ನಾನು ಬೆಂಚಿನ ಹುಡುಗನ ಕೈ ಹಿಡಿದೆ. ಹೊರಗೆ ಮೇ ತಿಂಗಳ ಧಗೆ, ಅವನ ಅಂಗೈ ಬಾವಿಯಿಂದ ಎತ್ತಿದ ಹಗ್ಗದ ಹಾಗೆ ತಣ್ಣಗೆ, ಒದ್ದೆ. ನಾಡಿ ನಿಮಿಷಕ್ಕೆ 130. ಎಲ್ಲಿ ನೋವು ಅಂದೆ.

"ಹೊಟ್ಟಿ ಸ್ವಲ್ಪ ಹಿಡದೈತ್ರಿ. ಎಡಗಡಿ ಭುಜ ಭಾಳ ನೋಯಾಕತ್ತೈತಿ."

ಭುಜ! ಭುಜಕ್ಕೆ ಪೆಟ್ಟೇ ಆಗಿರಲಿಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ತೆಳು ಸ್ನಾಯು ಇದೆ; ಸೋರಿದ ರಕ್ತ ಅದನ್ನು ಕೆಣಕಿದರೆ ನೋವು ಎಡಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಎರಡಕ್ಕೂ ನರದ ಬೇರು ಕುತ್ತಿಗೆಯಲ್ಲೇ. ಸೋಡಾ ಕಸಿದುಕೊಂಡೆ. ಹೊಟ್ಟೆ ತುಂಬಿದವರಿಗೆ ಅರಿವಳಿಕೆ ಕೊಡುವಾಗ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯ ಇರುತ್ತದೆ. ದಯವಿಟ್ಟು ಬಿದ್ದವರಿಗೆ ನೀರು, ಸೋಡಾ, ಚಹಾ ಕುಡಿಸಬೇಡಿ. ಪ್ರೀತಿಯಿಂದ ಕೊಡುತ್ತೀರಿ, ಗೊತ್ತು.

ಬಿದ್ದವರೆಲ್ಲ ಸ್ಕ್ಯಾನ್ ಮಾಡಿಸಿ ಅಂತ ಹೇಳುತ್ತಿಲ್ಲ. ಹೊಟ್ಟೆನೋವೆಲ್ಲ ಸ್ಪ್ಲೀನೂ ಅಲ್ಲ. ಆದರೆ ಪೆಟ್ಟು ಜೋರಾಗಿದ್ದು, ಮೈ ತಣ್ಣಗಾಗಿ, ಬೆವರಿ, ನಾಡಿ ಓಡುತ್ತಿದ್ದರೆ ರಕ್ತ ಎಲ್ಲಿ ಅಂತ ಹುಡುಕುತ್ತಾ ಕೂರಬೇಡಿ. ಆಸ್ಪತ್ರೆಗೆ ಬನ್ನಿ. ಸೀಳಿದ ಸ್ಪ್ಲೀನ್ ಎಲ್ಲವನ್ನೂ ತೆಗೆಯಲೇಬೇಕು ಅಂತಿಲ್ಲ, ಎಷ್ಟೋ ಮಂದಿಯನ್ನು ಸುಮ್ನೆ ಮಲಗಿಸಿ ಕಾದು ಉಳಿಸಿದ್ದೇವೆ. ಇವನದ್ದು ಕಾಯುವ ಹಾಗಿರಲಿಲ್ಲ.

ತಲೆ ಒಡೆದವನು ಒಂಬತ್ತು ಹೊಲಿಗೆ ಹಾಕಿಸಿಕೊಂಡು ಬೆಳಗ್ಗೆ ಇಡ್ಲಿ ತಿನ್ನುತ್ತಿದ್ದ. ಇವನು ಐಸಿಯುನಲ್ಲಿದ್ದ. ಅಪ್ಪ ನವಲಗುಂದದ ಕಡೆಯ ರೈತರು. ಏನೇನು ತೆಗೆದೆವು, ಎಷ್ಟು ರಕ್ತ ಏರಿಸಿದೆವು ಅಂತ ಹೇಳುತ್ತಾ ಹೋದೆ. ಅವರು ಕೇಳುತ್ತಿದ್ದರೋ ಇಲ್ಲವೋ. ನರ್ಸ್ ಕೊಟ್ಟ ಮಗನ ಬಿಳಿ ಅಂಗಿಯನ್ನು ತಿರುವಿ ತಿರುವಿ ನೋಡುತ್ತಿದ್ದರು.

"ಒಂದ್ ಕಲಿನೂ ಇಲ್ಲಲ್ರೀ ಸಾಹೇಬ್ರ," ಅಂದರು.