ಹುಬ್ಬಳ್ಳಿ ವಿಮಾನ ಯಾಕೆ ಬರುತ್ತೆ, ಯಾಕೆ ನಿಂತು ಹೋಗುತ್ತೆ?

ಹುಬ್ಬಳ್ಳಿಯಿಂದ ಯಾವ್ಯಾವ ಊರಿಗೆ ವಿಮಾನ ಇದೆ ಎಂದು ಕೇಳಿದರೆ ಇಲ್ಲಿನವರು ತಕ್ಷಣ ಉತ್ತರ ಕೊಡುವುದಿಲ್ಲ. "ಹ್ವಾದ ವರ್ಷ ಇತ್ತು, ಈಗ ನೋಡ್ಬೇಕ್ರೀ" ಎನ್ನುತ್ತಾರೆ. ಅಹಮದಾಬಾದ್, ಕೊಚ್ಚಿ, ಗೋವಾ, ಕಣ್ಣೂರು, ತಿರುಪತಿ, ಹಿಂಡನ್. ಗೋಕುಲ ರಸ್ತೆಯ ಈ ನಿಲ್ದಾಣದ ವೇಳಾಪಟ್ಟಿಯಲ್ಲಿ ಕಾಣಿಸಿಕೊಂಡ ಹೆಸರುಗಳು ಒಂದೆರಡಲ್ಲ. ಇದರ ಮೇಲೆ ಹೊಸ ಟರ್ಮಿನಲ್, ಹೊಸ ಹೆಸರು, ಬೆಳಗಾವಿ ಜೊತೆಗಿನ ಪೈಪೋಟಿ. ವಿಷಯ ಕಗ್ಗಂಟಾಗಿದೆ. ಮೊದಲಿನಿಂದ ಬಿಡಿಸಿ ನೋಡೋಣ.

1974ರಲ್ಲಿ ರಾಜ್ಯದ ಲೋಕೋಪಯೋಗಿ ಇಲಾಖೆ ಈ ನಿಲ್ದಾಣ ಕಟ್ಟಿತು. ಆಮೇಲಿನ ಮೂರು ದಶಕವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ರನ್‌ವೇ ಇತ್ತು, ನಂಬಿ ಟಿಕೆಟ್ ತೆಗೆಯುವಂಥ ವಿಮಾನ ಇರಲಿಲ್ಲ.

2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾಯಿತು. ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ರಾತ್ರಿ ಬಸ್ಸಿನಲ್ಲಿ ಕೂತು ಬೆಳಗಾಗುವಷ್ಟರಲ್ಲಿ ಬೆಂಗಳೂರು ಸೇರುತ್ತಿದ್ದ ವ್ಯಾಪಾರಿಗಳು, ಡಾಕ್ಟರುಗಳು, ವಕೀಲರು ಮೊದಲ ಸಲ ವಿಮಾನದ ಲೆಕ್ಕ ಹಾಕಿದರು. ಆದರೆ ಡೆಕ್ಕನ್ ಕಿಂಗ್‌ಫಿಷರ್ ಪಾಲಾಯಿತು. ಕಿಂಗ್‌ಫಿಷರ್ 2012ರಲ್ಲಿ ಹಾರುವುದನ್ನೇ ನಿಲ್ಲಿಸಿತು. ಅಲ್ಲಿಗೆ ಒಂದು ಕಂತು ಮುಗಿಯಿತು.

ಮುಂದಿನ ವರ್ಷಗಳ ಮಾತೆಲ್ಲ ರನ್‌ವೇ ಉದ್ದದ ಮೇಲೆ ನಿಂತಿತು. ಆಗ ಇದ್ದದ್ದು ಸುಮಾರು 1,670 ಮೀಟರ್. ಎಟಿಆರ್, ಕ್ಯೂ400ನಂಥ ಫ್ಯಾನಿನ ವಿಮಾನಕ್ಕೆ ಅಷ್ಟು ಸಾಕು. 180 ಜನ ಹಿಡಿಸುವ ಏರ್‌ಬಸ್‌ಗೆ ಸಾಲದು. 2015ರ ಮಾರ್ಚ್‌ನಲ್ಲಿ ಮಳೆ ಬರುತ್ತಿದ್ದ ಒಂದು ಸಂಜೆ ಬೆಂಗಳೂರಿನಿಂದ ಬಂದ ವಿಮಾನ ಇಳಿದ ಮೇಲೆ ರನ್‌ವೇ ಬಿಟ್ಟು ಪಕ್ಕಕ್ಕೆ ಜಾರಿತು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ವಿಸ್ತರಣೆಗೆ ಸುತ್ತಲಿನ ರೈತರ ಹೊಲಗಳು ಹೋದವು, ರನ್‌ವೇ ದೊಡ್ಡ ವಿಮಾನ ಇಳಿಯುವಷ್ಟು ಉದ್ದವಾಯಿತು. 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆಯಿತು. ಹೊಸದು ಅಂದರೆ ಈಗ ಎಲ್ಲರೂ 'ಸಣ್ಣದಾಯ್ತು' ಎನ್ನುವ ಇದೇ ಟರ್ಮಿನಲ್.

ಉಡಾನ್ ಯೋಜನೆ ಈ ನಿಲ್ದಾಣಕ್ಕೆ ಬಂದದ್ದು 2018ರಲ್ಲಿ. ಮುಂದೆ ಆದ ಅರ್ಧ ಗೊಂದಲಕ್ಕೆ ಉತ್ತರ ಈ ಯೋಜನೆಯ ಲೆಕ್ಕದಲ್ಲೇ ಇದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಣ್ಣ ಊರಿಗೆ ಹಾರುವ ವಿಮಾನದ ಅರ್ಧದಷ್ಟು ಸೀಟುಗಳಿಗೆ ಸರ್ಕಾರ ದರದ ಮಿತಿ ಹಾಕುತ್ತದೆ. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದಿತ್ತು. ಇದರಿಂದ ಕಂಪನಿಗೆ ಆಗುವ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಅದರಲ್ಲಿ ರಾಜ್ಯದ ಪಾಲು ಶೇ 20. ಉಳಿದದ್ದು ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕುವ ಸೆಸ್‌ನಿಂದ. ಇಂಧನದ ಮೇಲಿನ ತೆರಿಗೆಯನ್ನೂ ರಾಜ್ಯ ಶೇ 1ಕ್ಕೆ ಇಳಿಸಬೇಕು. ಆ ಮಾರ್ಗದಲ್ಲಿ ಹಾರುವ ಹಕ್ಕು, ಸುತ್ತು ಸುತ್ತಾಗಿ ನಡೆಯುವ ಬಿಡ್ಡಿಂಗ್‌ನಲ್ಲಿ ಗೆದ್ದ ಕಂಪನಿಗೆ ಮಾತ್ರ. ಈ ಸಹಾಯಧನ, ಈ ಹಕ್ಕು ಎಷ್ಟು ದಿನ? ಮೂರು ವರ್ಷ. ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ನಿರೀಕ್ಷೆ.

2018ರ ಮೇ ತಿಂಗಳಿನಿಂದ ಹುಬ್ಬಳ್ಳಿಯಲ್ಲಿ ವಿಮಾನಗಳ ಸದ್ದು ಜೋರಾಯಿತು. ಜುಲೈ 1ರಂದು ಇಂಡಿಗೋ ಬಂತು: ಬೆಂಗಳೂರು, ಚೆನ್ನೈ, ಅಹಮದಾಬಾದ್, ಗೋವಾ, ಕೊಚ್ಚಿ. 2019ರ ಜನವರಿ 25ರಂದು ಸ್ಟಾರ್ ಏರ್ ತನ್ನ ಮೊಟ್ಟಮೊದಲ ಹಾರಾಟವನ್ನೇ ಬೆಂಗಳೂರು–ಹುಬ್ಬಳ್ಳಿ–ತಿರುಪತಿ ಮಾರ್ಗದಲ್ಲಿ ಶುರು ಮಾಡಿತು, 50 ಸೀಟಿನ ಎಂಬ್ರೇಯರ್ ಜೆಟ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಹಿಂಡನ್‌ಗೂ ವಿಮಾನ ಬಂತು. ಇಲ್ಲಿ ಎಲ್ಲರೂ ಅದನ್ನು ದಿಲ್ಲಿ ವಿಮಾನ ಅಂತಲೇ ಕರೆದರು. ಇಳಿಯುತ್ತಿದ್ದದ್ದು ಮಾತ್ರ ಗಾಜಿಯಾಬಾದ್‌ನ ವಾಯುಪಡೆ ನೆಲೆಯಲ್ಲಿ. ದಿಲ್ಲಿಗೆ ಅಲ್ಲಿಂದ ಮತ್ತೆ ಟ್ಯಾಕ್ಸಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಯಾಕೆಂದರೆ ಅದುವರೆಗೆ ಅಷ್ಟೂ ಇರಲಿಲ್ಲ.

ಇದೇ ಹೊತ್ತಿಗೆ ಬೆಳಗಾವಿಯಲ್ಲಿ ಸಿಟ್ಟು ಹೊಗೆಯಾಡುತ್ತಿತ್ತು. 1942ರಿಂದ ಇರುವ ಸಾಂಬ್ರಾ ನಿಲ್ದಾಣ ಆಗಿನ ಸುತ್ತಿನಲ್ಲಿ ಉಡಾನ್ ಪಟ್ಟಿಗೆ ಸೇರಿರಲಿಲ್ಲ. ಅಲ್ಲಿಂದ ಹಾರುತ್ತಿದ್ದ ವಿಮಾನಗಳು 2018ರಲ್ಲಿ ಹುಬ್ಬಳ್ಳಿಗೆ ಬಂದವು. ನಮ್ಮಲ್ಲಿ ಸಿಹಿ ಹಂಚಿದ್ದೂ ಅಲ್ಲಿ ಧರಣಿ ಕೂತದ್ದೂ ಒಂದೇ ಸುದ್ದಿಗೆ. 2019ರಲ್ಲಿ ಬೆಳಗಾವಿಗೂ ಉಡಾನ್ ಸಿಕ್ಕಿತು. ಆಗ ಇಲ್ಲಿನವರು ಅತ್ತ ನೋಡತೊಡಗಿದರು. ಕಂಪನಿ ನಾಟಕದ ಲೆಕ್ಕವೇ ಇದು. ಕಲೆಕ್ಷನ್ ಇರುವ ತನಕ ಈ ಊರಲ್ಲಿ ಕ್ಯಾಂಪು, ಆಮೇಲೆ ಮುಂದಿನ ಊರು. ಟೆಂಟ್ ಎತ್ತಿದ್ದಕ್ಕೆ ಪಕ್ಕದ ಊರಿನವರ ಮೇಲೆ ಜಗಳಕ್ಕೆ ಹೋದರೆ ಏನು ಬಂತು? ಆದರೂ ಎರಡೂ ಕಡೆಯ ಮುಖಂಡರಿಗೆ, ಪತ್ರಿಕೆಗಳಿಗೆ ಈ ಜಗಳ ಬಹಳ ದಿನ ಸಾಕಾಯಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಎರಡು ತಿಂಗಳು ಎಲ್ಲವೂ ಬಂದ್. ಮತ್ತೆ ಶುರುವಾದಾಗ ಒಂದೊಂದೇ ಮಾರ್ಗ ಸಣ್ಣಗಾಯಿತು. ಕೋವಿಡ್ ಒಂದೇ ಕಾರಣ ಎನ್ನುವುದು ಅರ್ಧ ಸತ್ಯ. ಇಡೀ ದೇಶದಲ್ಲಿ ಉಡಾನ್ ಹೇಗೆ ನಡೆಯಿತು ಎಂದು 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹೇಳಿದೆ. ಮೂರನೇ ಸುತ್ತಿನ ತನಕ ಹಂಚಿದ 774 ಮಾರ್ಗಗಳಲ್ಲಿ ಶುರುವಾದದ್ದು 371. ಅವುಗಳಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ ಉಳಿದದ್ದು 54. ಈ ಲೆಕ್ಕ ನೋಡಿದ ಮೇಲೆ ನಮ್ಮ ಪಟ್ಟಿ ಕುಗ್ಗಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ? ಸೀಟು ತುಂಬಿದರೂ ಸಾಲದು. ಅದೇ ವಿಮಾನ ಬೇರೆ ಊರಿಗೆ ಹೋದರೆ ಜಾಸ್ತಿ ದುಡಿಯುತ್ತದೆ ಎಂದಾದರೆ ಕಂಪನಿ ಅಲ್ಲಿಗೇ ಕಳಿಸುತ್ತದೆ. ವ್ಯಾಪಾರ ಗೊತ್ತಿರುವ ಹುಬ್ಬಳ್ಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸುತ್ತಲಿನ ನಕ್ಷೆಯೂ ಬದಲಾಗಿದೆ. ಕಲಬುರಗಿ 2019ರಲ್ಲಿ, ಶಿವಮೊಗ್ಗ 2023ರಲ್ಲಿ ತೆರೆದವು. ಗೋವಾದ ಮೋಪಾದಲ್ಲಿ ಎರಡನೇ ನಿಲ್ದಾಣ ಬಂತು. ಬೆಂಗಳೂರಿಗೆ ಹೋಗುವವರಿಗೆ 2023ರ ಜೂನ್‌ನಿಂದ ಧಾರವಾಡದಿಂದಲೇ ವಂದೇ ಭಾರತ್ ಇದೆ. ವಿಮಾನ ಗಾಳಿಯಲ್ಲಿ ಇರುವುದು ಒಂದು ಗಂಟೆ ನಿಜ. ಆದರೆ ಇಲ್ಲಿ ಮೊದಲೇ ಹೋಗಿ ಕಾಯಬೇಕು, ಅಲ್ಲಿ ದೇವನಹಳ್ಳಿಯಲ್ಲಿ ಇಳಿದು ಟ್ರಾಫಿಕ್ಕಿನಲ್ಲಿ ಕೂರಬೇಕು. ರೈಲು ಆರು ತಾಸಿನ ಮೇಲೆ ತೆಗೆದುಕೊಂಡರೂ ಊರ ನಡುವೆ ಇಳಿಸುತ್ತದೆ. 2022ರ ನವೆಂಬರ್‌ನಲ್ಲಿ ಶುರುವಾದ ದಿಲ್ಲಿಯ ನೇರ ವಿಮಾನದ ಮಾತು ಬೇರೆ. ಅಷ್ಟು ದೂರಕ್ಕೆ ರೈಲು ಪೈಪೋಟಿ ಕೊಡಲಾರದು.

ಈಗ ಮಾತೆಲ್ಲ ಕಟ್ಟಡ ಮತ್ತು ಹೆಸರಿನದು. 2023ರ ಡಿಸೆಂಬರ್‌ನಲ್ಲಿ ವಿಧಾನಸಭೆ ನಾಲ್ಕು ನಿಲ್ದಾಣಗಳ ಹೆಸರಿನ ಬಗ್ಗೆ ನಿರ್ಣಯ ಮಾಡಿತು. ಹುಬ್ಬಳ್ಳಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, ಬೆಳಗಾವಿಗೆ ಕಿತ್ತೂರು ರಾಣಿ ಚೆನ್ನಮ್ಮ. 2024ರ ಮಾರ್ಚ್ 10ರಂದು ಪ್ರಧಾನಿ ನರೇಂದ್ರ ಮೋದಿ ಹುಬ್ಬಳ್ಳಿ, ಬೆಳಗಾವಿ ಎರಡರ ಹೊಸ ಟರ್ಮಿನಲ್‌ಗೂ ಆನ್‌ಲೈನ್‌ನಲ್ಲೇ ಶಂಕುಸ್ಥಾಪನೆ ಮಾಡಿದರು. ಎರಡೂ ಊರಿಗೆ ಒಂದೇ ದಿನ, ಹಾಗಾಗಿ ಜಗಳ ಆಗಲಿಲ್ಲ.

ಇಷ್ಟೆಲ್ಲದರ ನಡುವೆ ಒಂದು ಪ್ರಶ್ನೆ ಯಾರ ಕಡತಕ್ಕೂ ಸೇರಿದಂತೆ ಕಾಣುವುದಿಲ್ಲ. ಇಳಿದವರು ಊರೊಳಗೆ ಬರುವುದು ಹೇಗೆ? ನಿಲ್ದಾಣ ಹುಬ್ಬಳ್ಳಿ ಪೇಟೆಯಿಂದ ಏಳೆಂಟು ಕಿ.ಮೀ., ಧಾರವಾಡದಿಂದ ಸುಮಾರು 20 ಕಿ.ಮೀ. ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡುವ, ಅವಳಿ ನಗರದ ಹೆಮ್ಮೆಯ ಚಿಗರಿ ಬಸ್ಸು 2018ರಲ್ಲಿ, ಅಂದರೆ ವಿಮಾನಗಳು ಬಂದ ವರ್ಷವೇ ಓಡಲು ಶುರುವಾಯಿತು. 22 ಕಿ.ಮೀ. ಉದ್ದದ ಅದರ ದಾರಿ ಹುಬ್ಬಳ್ಳಿ–ಧಾರವಾಡ ಮುಖ್ಯ ರಸ್ತೆಯಲ್ಲಿದೆ. ವಿಮಾನ ನಿಲ್ದಾಣ ಗೋಕುಲ ರಸ್ತೆಯ ತುದಿಯಲ್ಲಿದೆ. ಒಂದೇ ವರ್ಷ ಬಂದ ಎರಡು ಸೌಲಭ್ಯ ಒಂದನ್ನೊಂದು ಮುಟ್ಟಲೇ ಇಲ್ಲ. ಬಸ್ ಸಂಸ್ಥೆಯ ಕೇಂದ್ರ ಕಚೇರಿಯೂ ಇದೇ ಗೋಕುಲ ರಸ್ತೆಯಲ್ಲಿದೆ, ಸುಮ್ನೆ ಹೇಳಿದೆ ಅಷ್ಟೇ.

ಹೊರಗಿನಿಂದ ಬಂದವರು ನಿಲ್ದಾಣದ ಬಾಗಿಲಲ್ಲೇ ಕಾರು ಹತ್ತಿ ಬಾದಾಮಿ, ಹಂಪಿ, ದಾಂಡೇಲಿ ಕಡೆ ಹೋಗಿಬಿಡುತ್ತಾರೆ. ಹುಬ್ಬಳ್ಳಿಗೆ ಅರ್ಧ ದಿನ ಕೊಟ್ಟರೂ ಸಾಕು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಿಲು. ಸುತ್ತ ಮನೆಗಳು ಎಷ್ಟು ಒತ್ತಿವೆ ಎಂದರೆ ಹತ್ತಿರ ಹೋಗುವ ತನಕ ಗುಡಿಯೇ ಕಾಣುವುದಿಲ್ಲ. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ರೈಲು ನಿಲ್ದಾಣದಲ್ಲಿ ಒಂದೂವರೆ ಕಿ.ಮೀ. ಉದ್ದದ ಪ್ಲಾಟ್‌ಫಾರ್ಮ್ ಇದೆ, 2023ರಲ್ಲಿ ಅದು ಜಗತ್ತಿನಲ್ಲೇ ಉದ್ದದ್ದು ಎನ್ನಿಸಿಕೊಂಡಿತು. ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠ, ಸಂಜೆಗೆ ದುರ್ಗದಬೈಲಿನ ಗಿರ್ಮಿಟ್ ಮಿರ್ಚಿ, ಖಾರ ತಡೆಯುವವರಿಗೆ ಸಾವಜಿ ಖಾನಾವಳಿ. ಉಣಕಲ್ಲಿನಿಂದ ಚಿಗರಿ ಹತ್ತಿದರೆ ಧಾರವಾಡ. ಅಲ್ಲಿ ಬೇಂದ್ರೆಯವರ ಸಾಧನಕೇರಿ, 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, ಲೈನ್ ಬಜಾರಿನ ಪೇಡಾ. ಇದನ್ನೆಲ್ಲ ಬಂದಿಳಿದವರಿಗೆ ಹೇಳುವವರು ಸದ್ಯಕ್ಕೆ ಆಟೋ ಮತ್ತು ಟ್ಯಾಕ್ಸಿ ಡ್ರೈವರುಗಳು. ಅವರು ಕೆಟ್ಟದಾಗಿಯೇನೂ ಹೇಳುವುದಿಲ್ಲ.

ಇನ್ನೊಂದು ವಿಷಯ ವಿಮಾನದ ಸಮಯ. ಗದಗ, ಹಾವೇರಿಯಿಂದ ಬರುವವರಿಗೆ ಎಷ್ಟು ಊರಿಗೆ ವಿಮಾನ ಇದೆ ಎನ್ನುವುದಕ್ಕಿಂತ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದೇ ಎನ್ನುವುದು ಮುಖ್ಯ. ಮಧ್ಯಾಹ್ನ ಹೊರಡುವ ವಿಮಾನ ಮುಂಬೈಯಲ್ಲಿ ಒಂದು ರಾತ್ರಿಯ ಲಾಡ್ಜ್ ಖರ್ಚು ಕೂಡಿಸುತ್ತದೆ. ಮನವಿ ಪತ್ರಗಳಲ್ಲಿ ಊರುಗಳ ಪಟ್ಟಿ ಉದ್ದ ಇರುತ್ತದೆ, ಸಮಯದ ಸಾಲು ಇರುವುದು ಕಡಿಮೆ.

ವಿಮಾನ ಕಂಪನಿಗಳು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ವೇಳಾಪಟ್ಟಿ ಬದಲಿಸುತ್ತವೆ. ಮಾರ್ಗ ಬರುವುದೂ ಹೋಗುವುದೂ ಸಾಮಾನ್ಯವಾಗಿ ಆ ಹೊತ್ತಿಗೇ. ಟಿಕೆಟ್ ತೆಗೆಯುವ ಮುಂಚೆ ಅದನ್ನೊಮ್ಮೆ ನೋಡಿಕೊಳ್ಳಿ. ಸುದ್ದಿಯಲ್ಲಿ ಕಾಣುವ 'ಶೀಘ್ರದಲ್ಲೇ ನೇರ ವಿಮಾನ' ನಂಬಿ ಮದುವೆ ದಿನಾಂಕ ಮಾತ್ರ ಗೊತ್ತು ಮಾಡಬೇಡಿ.