ಒಂಟಿಕಾಲಿನ ನಾಲ್ಕು ಗಂಟೆ

ಸರ್ವರಿನಲ್ಲಿ ಜಾಗ ಸಾಲುತ್ತಿಲ್ಲ, 2 ಟಿಬಿ ಡಿಸ್ಕ್ ಎರಡೂ ತೆಗೆದು 4 ಟಿಬಿಯವು ಹಾಕಿಕೊಡಿ ಅಂತ ಫೋನ್ ಬರುತ್ತದೆ. ರೇಡ್-1 ಇದೆಯಲ್ಲ, ಒಂದು ಕಿತ್ತು ಒಂದು ಹಾಕಿದರೆ ಆಯ್ತು ಅಲ್ವಾ? ಆಗುತ್ತದೆ, ರೇಡ್-1ರಲ್ಲಿ ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ ಇರುತ್ತದೆ. ಆದರೆ ನನ್ನ ಭಯ ಹೊಸ ಡಿಸ್ಕಿನದಲ್ಲ, ಒಳಗೇ ಉಳಿಯುವ ಹಳೇ ಡಿಸ್ಕಿನದು.

ಸೆಕೆಂಡಿಗೆ 150 ಎಂಬಿ ಓದಿದರೂ 2 ಟಿಬಿ ರೀಬಿಲ್ಡ್ (ಹಳೆಯದರಿಂದ ಹೊಸದಕ್ಕೆ ನಕಲು) ಆಗಲು ಹೆಚ್ಚುಕಮ್ಮಿ 4 ಗಂಟೆ ಬೇಕು. ಅಷ್ಟೂ ಹೊತ್ತು ಆ ಹಳೇ ಡಿಸ್ಕು ಒಂಟಿಕಾಲಲ್ಲಿ ನಿಂತು ತನ್ನ ಮೈಯೆಲ್ಲ ಓದಿಕೊಡಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲಿ ಕೆಟ್ಟ ಸೆಕ್ಟರ್ ಇದ್ದರೆ ಸಿಕ್ಕಿಬೀಳುವುದು ಆಗಲೇ. ನನಗೆ ಒಮ್ಮೆ 91 ಪರ್ಸೆಂಟಿಗೆ ಬಂದಾಗ ಸಿಕ್ಕಿತು. ಕಿತ್ತಿಟ್ಟಿದ್ದ ಡಿಸ್ಕನ್ನು ಇನ್ನೂ ಅಳಿಸಿರಲಿಲ್ಲ, ಬಚಾವಾದೆ.

ಅಂದಿನಿಂದ ಮೊದಲು ಬ್ಯಾಕಪ್. ಸುಮ್ನೆ ಇದೆ ಅಂದರೆ ಸಾಲದು, ಅದರಿಂದ ನಾಲ್ಕು ಫೈಲ್ ತೆಗೆದು ನೋಡುತ್ತೇನೆ. ಆಮೇಲೆ ಎರಡೂ ಡಿಸ್ಕಿಗೆ ಸ್ಮಾರ್ಟ್‌ನ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನೇ ಪೂರ್ತಿ ಪರೀಕ್ಷಿಸಿಕೊಳ್ಳುವುದು), ಇಡೀ ಅರೇಗೆ, ಅಂದರೆ ಡಿಸ್ಕ್ ಜೋಡಿಗೆ, ಒಂದು ಚೆಕ್. ಮೂರನೇ ಸ್ಲಾಟ್ ಖಾಲಿ ಇದ್ದರೆ ಅದೃಷ್ಟ. ಹೊಸದನ್ನು ಅಲ್ಲಿ ಹಾಕಿ, ಲಿನಕ್ಸಿನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಎಡಿಎಂನಲ್ಲಿ ರಿಪ್ಲೇಸ್ ಕೊಟ್ಟರೆ ನಕಲು ಮುಗಿಯುವವರೆಗೆ ಹಳೆಯದು ಜಾಗ ಬಿಡುವುದಿಲ್ಲ. ಅದರಲ್ಲೊಂದು ಸೆಕ್ಟರ್ ಕೆಟ್ಟಿದ್ದರೂ ಜೋಡಿ ಡಿಸ್ಕಿನಿಂದ ಓದಿಕೊಳ್ಳುತ್ತದೆ.

ಸ್ಲಾಟ್ ಇಲ್ಲವೆಂದರೆ ಕಿತ್ತೇ ಹಾಕಬೇಕು. ಯಾವುದನ್ನು? ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ರೀಬೂಟ್ ಆದರೆ ಅದಲುಬದಲಾಗಬಹುದು. ಡಿಸ್ಕಿನ ಸೀರಿಯಲ್ ನಂಬರ್ ಚೀಟಿಯಲ್ಲಿ ಬರೆದುಕೊಂಡು, ಟ್ರೇ ಎಳೆದು ಮತ್ತೆ ಓದಿ ನೋಡಿ.

ಹಳೇ ಪಾರ್ಟಿಶನ್ ಟೇಬಲನ್ನು (ಡಿಸ್ಕಿನ ಭಾಗಗಳ ಪಟ್ಟಿ) ಹಾಗೇ ನಕಲು ಮಾಡಬೇಡಿ, ಪಾರ್ಟಿಶನ್ ಅದೇ 2 ಟಿಬಿಗೆ ನಿಂತುಬಿಡುತ್ತದೆ. ಎಂಬಿಆರ್ ಎಂಬ ಹಳೇ ಬಗೆಯ ಟೇಬಲ್ ಅಂತೂ ಅದಕ್ಕಿಂತ ಜಾಸ್ತಿ ಹೋಗುವುದೇ ಇಲ್ಲ. ಹೊಸ ಬಗೆಯ ಜಿಪಿಟಿ ಮಾಡಿ, ಪಾರ್ಟಿಶನ್ ದೊಡ್ಡದಾಗಿ ಹೊಸದಾಗಿ ಕೊರೆಯಿರಿ. ಬಯಾಸ್‌ನಲ್ಲಿ ಬೂಟ್ ಆಗುವ ಹಳೇ ಮಷೀನಾದರೆ, ಸಿಸ್ಟಮ್ಮನ್ನು ಬೂಟ್ ಮಾಡಿಸುವ ಗ್ರಬ್‌ಗೆ 1 ಎಂಬಿಯ ಪುಟ್ಟ ಪಾರ್ಟಿಶನ್ ಬಿಟ್ಟು, ಹೊಸ ಡಿಸ್ಕಿಗೂ ಗ್ರಬ್ ಹಾಕಿ. ಇದನ್ನು ಮರೆತವರಿಗೆ ಎರಡನೇ ಹಳೇ ಡಿಸ್ಕ್ ಹೊರಬಿದ್ದ ದಿನ ಕಪ್ಪು ಸ್ಕ್ರೀನೇ ಗತಿ.

ರೀಬಿಲ್ಡ್ ನಡೆಯುವಾಗ ಅರೇಯ ಸ್ಥಿತಿ ತೋರಿಸುವ ಎಂಡಿಸ್ಟಾಟ್‌ನಲ್ಲಿ ಸರಿಯಿರುವ ಡಿಸ್ಕಿಗೆ ಒಂದು ಯು, ಪಕ್ಕದಲ್ಲಿ ಇನ್ನೂ ಮುಗಿಯದ್ದಕ್ಕೆ ಒಂದು ಅಡಿಗೆರೆ ಕಾಣುತ್ತದೆ. ಆ ಗೆರೆ ಹೋಗಿ ಎರಡೂ ಯು ಆಗುವವರೆಗೆ ಎರಡನೇ ಡಿಸ್ಕಿಗೆ ಕೈ ಹಾಕಬಾರದು.

ಎರಡೂ ಬದಲಾದ ಮೇಲೂ ಗಿರಾಕಿ "ಜಾಗ ಜಾಸ್ತಿ ಆಗಿಲ್ವಲ್ಲ" ಅನ್ನುತ್ತಾರೆ. ಮೊದಲು ಅರೇಯನ್ನು ಗ್ರೋ ಮಾಡಬೇಕು (ದೊಡ್ಡದಾಗಿಸಬೇಕು), ಆಮೇಲೆ ಅದರ ಮೇಲಿನ ಫೈಲ್‌ಸಿಸ್ಟಮ್ಮನ್ನು. ಇಎಕ್ಸ್‌ಟಿ4 ಆದರೆ ಸರ್ವರ್ ನಿಲ್ಲಿಸದೇ ಆಗುತ್ತದೆ.

ಹಳೇ ಡಿಸ್ಕುಗಳು ತಾರೀಖು ಬರೆದ ಚೀಟಿ ಅಂಟಿಸಿಕೊಂಡು ಒಂದು ತಿಂಗಳು ನನ್ನ ಡ್ರಾಯರಿನಲ್ಲೇ ಇರುತ್ತವೆ.