ತಣ್ಣೀರಿಗೊಂದು ಗಾಳಿಯ ಅಂಗಿ

ಸೀಸನ್ ಮುಗಿದಿದೆ. ನಮ್ಮ ಅಂಗಡಿಯಲ್ಲಿ ಈಗ ಕಯಾಕ್ ಎಂಬ ಸಣ್ಣ ದೋಣಿಗಳು ಒಂದರ ಮೇಲೊಂದು ಮಲಗಿವೆ. ಬಾಡಿಗೆಗೆ ಕೊಡುವ ವೆಟ್‌ಸೂಟ್‌ಗಳನ್ನೆಲ್ಲ, ಅಂದರೆ ತಣ್ಣೀರಿಗಿಳಿಯುವವರು ಮೈಗಂಟುವಂತೆ ತೊಡುವ ರಬ್ಬರಿನ ಉಡುಪುಗಳನ್ನು, ಸಿಹಿನೀರಲ್ಲಿ ತೊಳೆದು, ಒಳಮಗ್ಗಲು ಹೊರಗೆ ಮಾಡಿ, ನೆರಳಲ್ಲಿ ಒಣಗಿಸಿದ್ದಾಯಿತು. ಇನ್ನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಹೊಲಿಗೆ ಬಿಟ್ಟಿದೆಯಾ, ಉಗುರು ತಾಗಿ ಸೀಳಿದೆಯಾ, ಜಿಪ್ ಸಲೀಸಾಗಿ ಓಡುತ್ತಿದೆಯಾ ಅಂತ. ಸೀಳಿದ ಕಡೆ ಅಂಟು ಹಚ್ಚಿ ರಾತ್ರಿಯಿಡೀ ಬಿಡುತ್ತೇನೆ. ಈ ಕೆಲಸ ನನಗೆ ತುಂಬಾ ಇಷ್ಟ.

ಈ ತಿಂಗಳುಗಳಲ್ಲಿ ಗಿರಾಕಿಗಳು ಕಮ್ಮಿ. ಬರುವವರು ಚಳಿಯಲ್ಲೂ ನೀರಿಗಿಳಿಯುವವರು. ಅವರ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಎಷ್ಟು ದಪ್ಪದ್ದು ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: "ನೀವು ಇಳಿಯೋ ನೀರು ಎಷ್ಟು ಡಿಗ್ರಿ ಇದೆ?" ಹೊರಗಿನ ಹವೆ ಎಷ್ಟು ಅಂತ ಎಲ್ಲರಿಗೂ ಗೊತ್ತಿರುತ್ತದೆ. ನೀರಿನದ್ದು ಯಾರೂ ನೋಡಿರುವುದಿಲ್ಲ.

ಆದರೆ ಮೈಯ ಶಾಖವನ್ನು ಕಸಿಯುವುದು ಆ ನೀರೇ ಅಲ್ವಾ? ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖ ದಾಟಿಸುತ್ತದೆ. 12 ಡಿಗ್ರಿ ಹವೆಯಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಗಂಟೆಗಟ್ಟಲೆ ತಿರುಗಾಡಬಹುದು. 12 ಡಿಗ್ರಿ ನೀರಿನಲ್ಲಿ ಅದೇ ಸ್ವೆಟರ್ ಯಾವ ಉಪಯೋಗಕ್ಕೂ ಬಾರದು. ಇನ್ನೊಂದು ವಿಷಯ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖದಲ್ಲಿ ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಅಷ್ಟೇ ಬಿಸಿ ಮಾಡಬಹುದು. ಹಾಗಾಗಿ ಸಮುದ್ರ, ದೊಡ್ಡ ಕೆರೆಗಳು ಬಿಸಿಯಾಗುವುದೂ ನಿಧಾನ, ತಣಿಯುವುದೂ ನಿಧಾನ. ಉತ್ತರದ ಚಳಿ ದೇಶಗಳಲ್ಲಿ ಸಮುದ್ರ ತೀರಾ ತಣ್ಣಗಾಗುವುದು ನಡುಚಳಿಗಾಲದಲ್ಲಲ್ಲ, ಫೆಬ್ರವರಿ ಕೊನೆಗೆ, ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಮೇಲೆ ಬಿಸಿಲು ಬಂದಿರುತ್ತದೆ. ನನ್ನ ಪ್ರಕಾರ ಇಡೀ ವರ್ಷದಲ್ಲಿ ಹೆಚ್ಚು ಮೋಸ ಮಾಡುವ ದಿನ ಚಳಿಗಾಲ ಕಳೆದ ಮೇಲಿನ ಮೊದಲ ಬಿಸಿಲಿನ ದಿನ.

ಅಂಥದೇ ಒಂದು ದಿನ ನಾನು ಟೀ ಶರ್ಟಿನ ಮೇಲೆ ಬರೀ ಲೈಫ್ ಜಾಕೆಟ್ ಹಾಕಿಕೊಂಡು ಹೊರಟಿದ್ದೆ. ಕಯಾಕ್ ಮಗುಚಿತು. ಬಿದ್ದ ಕೂಡಲೇ ಬಾಯಿ ತಾನಾಗಿ ತೆರೆದು ಉಸಿರು ಒಳಗೆಳೆದುಕೊಂಡಿತು. ಆಮೇಲೆ ಏದುಸಿರು, ಒಂದರ ಹಿಂದೊಂದು. ತಡೆಯಬೇಕೆಂದರೂ ಆಗಲಿಲ್ಲ. ಚರ್ಮ ಒಮ್ಮೆಲೇ ತಣ್ಣಗಾದಾಗ ದೇಹ ಹೀಗೆ ವರ್ತಿಸುತ್ತದೆ. ಆ ಮೊದಲ ಉಸಿರಿನ ಹೊತ್ತಿಗೆ ತಲೆ ನೀರಿನೊಳಗಿದ್ದರೆ ಚೆನ್ನಾಗಿ ಈಜು ಬರುವವರೂ ಮುಳುಗುತ್ತಾರೆ. ನನ್ನನ್ನು ಉಳಿಸಿದ್ದು ಲೈಫ್ ಜಾಕೆಟ್. ಉಸಿರೇನೋ ಒಂದೆರಡು ನಿಮಿಷಕ್ಕೆ ಹತೋಟಿಗೆ ಬಂತು. ದಡ ಮುಟ್ಟುವಷ್ಟರಲ್ಲಿ ಬೆರಳು ಮರಗಟ್ಟಿ ಜಾಕೆಟ್ಟಿನ ಬಕಲ್ ಬಿಚ್ಚಲೂ ಆಗಲಿಲ್ಲ. ಎದೆ ಹೊಟ್ಟೆಯ ಭಾಗವನ್ನು ಬೆಚ್ಚಗಿಟ್ಟುಕೊಳ್ಳಲು ದೇಹ ಕೈಕಾಲುಗಳ ಕಡೆಗೆ ಹೋಗುವ ರಕ್ತವನ್ನು ಕಡಿಮೆ ಮಾಡಿಬಿಡುತ್ತದೆ.

ಚಳಿಯಲ್ಲಿ ಮನುಷ್ಯನ ದೇಹ ಏನಾಗುತ್ತದೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದ ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ಮೂರು ಅಂಕಿಗಳಲ್ಲಿ ಹೇಳುತ್ತಾರೆ: 1, 10, 1. ತುಂಬಾ ತಣ್ಣನೆಯ ನೀರಿಗೆ ಬಿದ್ದರೆ ಉಸಿರು ಹಿಡಿತಕ್ಕೆ ಬರಲು 1 ನಿಮಿಷ. ಕೈಕಾಲು ಮಾತು ಕೇಳುವುದು 10 ನಿಮಿಷ. ಮೈ ತಣಿದು ಪ್ರಜ್ಞೆ ತಪ್ಪಲು 1 ಗಂಟೆ. ಜನ ಹೆದರುವುದು ಕೊನೆಯದಕ್ಕೆ. ಆದರೆ ಎಷ್ಟೋ ಜನರ ಪ್ರಾಣ ಹೋಗುವುದು ಮೊದಲ ಎರಡರಲ್ಲೇ.

ವೆಟ್‌ಸೂಟ್ ಮೊದಲಿನ ಏದುಸಿರನ್ನು ತಗ್ಗಿಸುತ್ತದೆ, ಉಳಿದೆರಡನ್ನು ತಡಮಾಡುತ್ತದೆ. ಹೇಗೆ? "ಒಳಗೆ ಹೋದ ನೀರು ಮೈಶಾಖಕ್ಕೆ ಬಿಸಿಯಾಗಿ ನಮ್ಮನ್ನು ಬೆಚ್ಚಗಿಡುತ್ತದೆ" ಎಂದು ತುಂಬಾ ಜನ ನಂಬಿದ್ದಾರೆ. ನಾನೂ ಹಾಗೇ ಕಲಿತಿದ್ದೆ. ಅದು ಸರಿಯಲ್ಲ. ಬೆಚ್ಚಗಿಡುವುದು ರಬ್ಬರಿನೊಳಗೆ ಸಿಕ್ಕಿಕೊಂಡ ಸಣ್ಣ ಸಣ್ಣ ಗುಳ್ಳೆಗಳು. ನಿಯೋಪ್ರೀನ್ ಎಂಬ ಈ ಕೃತಕ ರಬ್ಬರನ್ನು 1930ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ತಯಾರಿಸಿದರು. 1950ರ ದಶಕದ ಶುರುವಿನಲ್ಲಿ ಹ್ಯೂ ಬ್ರಾಡ್ನರ್ ಎಂಬ ಭೌತವಿಜ್ಞಾನಿ ನೌಕಾಪಡೆಯ ಮುಳುಗುಗಾರರಿಗೆ ಬೆಚ್ಚನೆಯ ಉಡುಪು ಹುಡುಕುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿ ದುಡಿದವರು ಅವರು. ಅಲ್ಲಿಯವರೆಗೆ ಎಲ್ಲರ ಪ್ರಯತ್ನ ಇದ್ದದ್ದು ನೀರು ಒಳಗೆ ಬರದಂತೆ ತಡೆಯುವುದು. ಮೈ ಒದ್ದೆಯಾದರೂ ಪರವಾಗಿಲ್ಲ, ಬಟ್ಟೆಯಲ್ಲೇ ಗುಳ್ಳೆಗಳಿದ್ದರೆ ಸಾಕು ಎಂದು ಬ್ರಾಡ್ನರ್‌ಗೆ ಹೊಳೆಯಿತು. ಎಷ್ಟು ಸರಳ, ಎಷ್ಟು ಚೆಂದದ ಯೋಚನೆ! ನಾವೆಲ್ಲ ಇವತ್ತು ಚಳಿಯಲ್ಲಿ ನೀರಿಗಿಳಿಯುತ್ತಿರುವುದು ಅದರಿಂದಲೇ.

ಗುಳ್ಳೆಗಳ ವಿಷಯ ತಿಳಿದರೆ ಸೂಟ್ ಆರಿಸುವುದು ಸುಲಭ. ಒಳಗೆ ಬಂದ ತೆಳು ನೀರಿನ ಪದರ ಅಲ್ಲೇ ನಿಂತರೆ ತೊಂದರೆಯಿಲ್ಲ. ಅದು ಹೊರಗೆ ಹೋಗಿ ಹೊಸ ತಣ್ಣೀರು ಬಂದರೆ, ಅದನ್ನು ಮತ್ತೆ ಬಿಸಿ ಮಾಡುವ ಖರ್ಚು ನಮ್ಮ ಮೈಯದು. ಹಾಗಾಗಿ ಸಡಿಲವಾದ 5 ಮಿಲಿಮೀಟರ್ ಸೂಟಿಗಿಂತ ಮೈಗಂಟಿ ಕೂರುವ 4 ಮಿಲಿಮೀಟರ್ ಸೂಟನ್ನೇ ನಾನು ಕೊಡುತ್ತೇನೆ. ಹೊಲಿಗೆಯನ್ನೂ ನೋಡಿ. ಸೂಜಿ ಆರಪಾರ ಹೋಗಿದ್ದರೆ ಒಂದೊಂದು ತೂತಿನಿಂದಲೂ ನೀರು ಜಿನುಗುತ್ತದೆ. ಅಂಟು ಹಾಕಿ, ಸೂಜಿ ಅರ್ಧ ದಪ್ಪಕ್ಕಷ್ಟೇ ಇಳಿಯುವಂತೆ ಹೊಲಿದದ್ದು ಚಳಿನೀರಿಗೆ ಸರಿ. ಗಾಳಿ ಬೀಸುವ ಕಡೆ ನೀರಿನ ಮೇಲೇ ಜಾಸ್ತಿ ಹೊತ್ತು ಇರುವವರಾದರೆ, ಎದೆಯ ಮೇಲೆ ಬಟ್ಟೆಯಿಲ್ಲದ ನುಣುಪು ರಬ್ಬರ್ ಇರಲಿ. ಅದರ ಮೇಲೆ ನೀರು ನಿಲ್ಲುವುದಿಲ್ಲ, ಆವಿಯಾಗಿ ಮೈ ತಣಿಸುವುದೂ ಕಮ್ಮಿ.

ಡ್ರೈಸೂಟ್ ಬೇರೆ ಜಾತಿ. ತೆಳು ಬಟ್ಟೆಯ ಡ್ರೈಸೂಟ್ ನೀರನ್ನು ತಡೆಯುತ್ತದೆ ಅಷ್ಟೇ. ಬೆಚ್ಚಗಿಡಬೇಕಾದ್ದು ಒಳಗೆ ಹಾಕುವ ಉಣ್ಣೆ ಅಥವಾ ಫ್ಲೀಸ್. ಹತ್ತಿ ಬಟ್ಟೆ ಮಾತ್ರ ಬೇಡ, ಬೆವರು ಕುಡಿದು ತಣ್ಣಗೆ ಕೂರುತ್ತದೆ.

ಗುಳ್ಳೆಗಳಿಗೂ ಆಯಸ್ಸಿದೆ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ, ಗುಳ್ಳೆ ಹೆಚ್ಚುಕಮ್ಮಿ ಅರ್ಧಕ್ಕೆ ಕುಗ್ಗುತ್ತದೆ. ಆಳಕ್ಕೆ ಹೋದಷ್ಟೂ ಸೂಟ್ ತೆಳುವಾಗುವುದು ಇದಕ್ಕೇ. ಮೇಲೆ ಬಂದರೆ ಮತ್ತೆ ಉಬ್ಬುತ್ತವೆ. ಆದರೆ ತಿಂಗಳುಗಟ್ಟಲೆ ಮಡಚಿಟ್ಟರೆ, ಮೇಲೆ ಭಾರ ಹೇರಿದರೆ, ಮಡಿಕೆಯಲ್ಲಿ ಚಪ್ಪಟೆಯಾದವು ಹಾಗೇ ಉಳಿದುಬಿಡಬಹುದು. ಬಿಸಿಲು ಬಿದ್ದರೆ ರಬ್ಬರ್ ಬಿರುಸಾಗಿ ಬಿರುಕು ಬಿಡುತ್ತದೆ. ಅದಕ್ಕೇ ಸೀಸನ್ ಇಲ್ಲದಾಗ ನಾನು ಸೂಟ್‌ಗಳನ್ನು ಅಗಲ ಭುಜದ ಹ್ಯಾಂಗರಿಗೆ ಹಾಕಿ, ಕತ್ತಲೆಯ ಹಿಂದಿನ ಕೋಣೆಯಲ್ಲಿ ಒಂದಕ್ಕೊಂದು ಒತ್ತದಂತೆ ತೂಗುಹಾಕುತ್ತೇನೆ.

ನಿನ್ನೆ ಸಂಜೆ ಒಬ್ಬರು ಬಂದು ಎಲ್ಲಕ್ಕಿಂತ ದಪ್ಪದ್ದು ಕೊಡಿ ಅಂದರು. ತೊಟ್ಟು ನೋಡಿದರು. ಸೊಂಟದ ಹಿಂದೆ ನನ್ನ ಅಂಗೈ ಹಿಡಿಸುವಷ್ಟು ಜಾಗ ಉಳಿದಿತ್ತು. ಪ್ಯಾಡಲ್ ಎಳೆಯುವ ಹಾಗೆ ಕೈ ಆಡಿಸಲು ಹೇಳಿದೆ. ಆ ಜಾಗ ಬಾಯಿ ತೆರೆದು ಮುಚ್ಚುವುದನ್ನು ಕನ್ನಡಿಯಲ್ಲಿ ಅವರೇ ನೋಡಿದರು. ಒಂದು ಮಿಲಿಮೀಟರ್ ತೆಳುವಾದ, ಮೈಗೆ ಸರಿಯಾಗಿ ಕೂರುವ ಸೂಟ್ ಕೊಟ್ಟೆ. ಜೊತೆಗೆ ಗ್ಲೌಸ್, ಹುಡ್. ದಾರಕ್ಕೆ ಕಟ್ಟಿ ನೀರಿಗಿಳಿಸುವ ನನ್ನ ಥರ್ಮಾಮೀಟರನ್ನೂ ಕೊಟ್ಟು ಕಳಿಸಿದೆ. ಭಾನುವಾರ ನೀರು ಎಷ್ಟು ಡಿಗ್ರಿ ಇತ್ತು ಅಂತ ಬಂದು ಹೇಳುತ್ತಾರಂತೆ.